ಕೇಳುವುದನ್ನು ಕಲಿಸಿದ ಖಾನ್‌ಸಾಹೇಬರು

ನಮ್ಮ ಪ್ರೌಢಶಾಲೆಗೆ ಐವತ್ತು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಒಬ್ಬ ಹಿರಿಯ ಚೇತನದ ಜೀವನ ಪರಿಚಯ ಬರೆದುಕೊಡಬೇಕೆಂದು ಸಂಚಿಕೆಯ ಸಮಿತಿಯವರು ಕೇಳಿದರು. ನಾಡಿನ ನಾಯಕರು, ಕವಿಗಳು, ವಿಜ್ಞಾನಿಗಳ ಬಗ್ಗೆ ಬೇರೆಯವರು ಬರೆಯುತ್ತಾರೆಂದು ತಿಳಿದು ನಾನು ಒಬ್ಬ ಹಾಡುಗಾರರನ್ನು ಆರಿಸಿಕೊಂಡೆ. ಅವರು ಕನ್ನಡಿಗರಲ್ಲ. ಆದರೆ ಹುಬ್ಬಳ್ಳಿ, ಧಾರವಾಡ, ಕುಂದಗೋಳ, ಗದಗ ಭಾಗದ ಜನ ಇಂದು ಸಂಗೀತವನ್ನು ಕೇಳುವ ರೀತಿಯ ಹಿಂದೆ ಅವರ ಕೈ ಇದೆ. ಅವರೇ ಉಸ್ತಾದ್ ಅಬ್ದುಲ್ ಕರೀಂ ಖಾನ್‌ಸಾಹೇಬರು.

ಶಾಲೆಯ ಸಂಚಿಕೆಗೂ ಹಾಡುಗಾರರಿಗೂ ಏನು ಸಂಬಂಧ ಎಂದು ಕೆಲವರು ಕೇಳಬಹುದು. ಐವತ್ತು ವರ್ಷಗಳಲ್ಲಿ ಈ ಶಾಲೆಯಿಂದ ಹೊರಬಿದ್ದವರಲ್ಲಿ ರೈತರಿದ್ದಾರೆ, ಸೈನಿಕರಿದ್ದಾರೆ, ಶಿಕ್ಷಕರಿದ್ದಾರೆ, ದೂರದ ಊರುಗಳಲ್ಲಿ ನೌಕರಿ ಮಾಡುವವರಿದ್ದಾರೆ. ಅಂಕಗಳು ಬೇರೆ, ಓಣಿ ಬೇರೆ, ಮನೆತನ ಬೇರೆ. ಎಲ್ಲರೂ ಒಟ್ಟಾಗಿ ಮಾಡಿದ ಕೆಲಸ ಒಂದೇ. ಬೆಳಗಿನ ಗಂಟೆ ಬಾರಿಸಿದ ಮೇಲೆ ಅಂಗಳದಲ್ಲಿ ಸಾಲಾಗಿ ನಿಂತು ಒಂದೇ ಧ್ವನಿಯಲ್ಲಿ ಪ್ರಾರ್ಥನೆ ಹೇಳಿದ್ದು. ಪಾಠ ಮರೆತವರಿಗೂ ಆ ಐದು ನಿಮಿಷ ಮರೆತಿಲ್ಲ. ಗುಂಪಾಗಿ ನಿಂತ ಜನರನ್ನು ಒಂದು ನಾದ ಹೇಗೆ ಒಂದುಗೂಡಿಸುತ್ತದೆ ಎಂಬುದಕ್ಕೆ ಖಾನ್‌ಸಾಹೇಬರ ಬಾಳೇ ಒಳ್ಳೆಯ ಉದಾಹರಣೆ.

ಅಬ್ದುಲ್ ಕರೀಂ ಖಾನರು ಹುಟ್ಟಿದ್ದು 1872ರಲ್ಲಿ, ಉತ್ತರ ಪ್ರದೇಶದ ಕೈರಾನಾ ಎಂಬ ಊರಿನಲ್ಲಿ. ಇದೇ ಊರಿನಿಂದ ಅವರ ಗಾಯನ ಪದ್ಧತಿಗೆ ಕಿರಾನಾ ಘರಾಣೆ ಎಂಬ ಹೆಸರು ಬಂತು. ಮನೆತನವೇ ಸಂಗೀತಗಾರರದ್ದು. ತಂದೆ ಕಾಲೇ ಖಾನರಿಂದಲೂ ಚಿಕ್ಕಪ್ಪ ಅಬ್ದುಲ್ಲಾ ಖಾನರಿಂದಲೂ ಬಾಲ್ಯದಲ್ಲೇ ಪಾಠವಾಯಿತು. ಹಾಡುಗಾರಿಕೆಯ ಜೊತೆಗೆ ಸಾರಂಗಿ, ಬೀನ್ ಮುಂತಾದ ವಾದ್ಯಗಳ ಪರಿಚಯವೂ ಆಯಿತು. ಸಾರಂಗಿಯ ತಂತಿಯ ಮೇಲೆ ಸ್ವರವನ್ನು ಕಡಿಯದೆ ಎಳೆಯುವ ಗುಣ ಮುಂದೆ ಅವರ ಕಂಠದಲ್ಲೂ ಕಾಣಿಸಿಕೊಂಡಿತು ಎಂದು ಬಲ್ಲವರು ಹೇಳುತ್ತಾರೆ.

ಹರೆಯದಲ್ಲಿ ತಮ್ಮ ಸಹೋದರ ಅಬ್ದುಲ್ ಹಕ್ ಅವರೊಂದಿಗೆ ಊರು ಬಿಟ್ಟು ಅವರು ಬರೋಡಾ ಸಂಸ್ಥಾನ ಸೇರಿದರು. ಆಗ ಅಲ್ಲಿ ಸಯಾಜಿರಾವ್ ಗಾಯಕವಾಡರ ಆಳ್ವಿಕೆ. ಆಸ್ಥಾನದಲ್ಲಿ ಹಾಡುವ ಗೌರವ ಸಿಕ್ಕಿತು. ರಾಜಮನೆತನದ ನಂಟಿದ್ದ ಸರದಾರ ಮಾನೆ ಅವರ ಮಗಳು ತಾರಾಬಾಯಿಯವರಿಗೆ ಖಾನ್‌ಸಾಹೇಬರು ಸಂಗೀತ ಕಲಿಸುತ್ತಿದ್ದರು. ಗುರು ಶಿಷ್ಯೆಯರಲ್ಲಿ ಪ್ರೀತಿ ಮೂಡಿತು. ಧರ್ಮ ಬೇರೆ, ಅಂತಸ್ತು ಬೇರೆ. ಆ ಕಾಲದಲ್ಲಿ ಅದು ಒಪ್ಪಿಗೆಯಾಗುವ ಮಾತೇ ಅಲ್ಲ. ಇಬ್ಬರೂ ಬರೋಡಾ ತೊರೆದು ಮುಂಬಯಿಗೆ ಬಂದು ಸಂಸಾರ ಹೂಡಿದರು. ಆಸ್ಥಾನದ ಅನ್ನ ಅಲ್ಲಿಗೆ ಮುಗಿಯಿತು. ಇನ್ನು ಮುಂದೆ ಅವರು ಬದುಕಬೇಕಾದದ್ದು ಕೇಳುವ ಜನರನ್ನು ನಂಬಿ.

ಕೊನೆಗೆ ನೆಲೆ ನಿಂತದ್ದು ಮಿರಜಿನಲ್ಲಿ. ಅದು ಇಂದು ಮಹಾರಾಷ್ಟ್ರದಲ್ಲಿದ್ದರೂ ನಮ್ಮ ಗಡಿಗೆ ಅಂಟಿಕೊಂಡ ಊರು. ತಂಬೂರಿ, ಸಿತಾರ ತಯಾರಿಸುವ ಕುಶಲಕರ್ಮಿಗಳಿಗೆ ಹೆಸರಾದದ್ದು. ಪ್ಲೇಗು ಹರಡಿದ್ದ ಕಾಲದಲ್ಲಿ ಖಾನ್‌ಸಾಹೇಬರಿಗೂ ಆ ಬೇನೆ ತಗುಲಿತು. ಅಲ್ಲಿನ ಖ್ವಾಜಾ ಮೀರಾಸಾಹೇಬರ ದರ್ಗಾದಲ್ಲಿ ಹಾಡಿ ಪ್ರಾರ್ಥಿಸಿದ್ದರಿಂದಲೇ ತಾನು ಉಳಿದೆ ಎಂಬುದು ಅವರ ಗಟ್ಟಿ ನಂಬಿಕೆ. ಅಂದಿನಿಂದ ಆ ದರ್ಗಾದ ಉರುಸಿನಲ್ಲಿ ಹಾಡುವುದು ಅವರಿಗೆ ಸೇವೆಯಾಯಿತು. ಅಲ್ಲಿ ಟಿಕೆಟ್ಟಿಲ್ಲ, ಮೊದಲ ಸಾಲು ಕೊನೆಯ ಸಾಲು ಎಂಬುದಿಲ್ಲ. ಊರವರೆಲ್ಲ ನೆಲದ ಮೇಲೆ ಕುಳಿತು ಕೇಳುತ್ತಿದ್ದರು.

ಮಿರಜಿನಲ್ಲಿ ನೆಲೆಸಿದ್ದರಿಂದ ನಮ್ಮ ಭಾಗಕ್ಕೆ ದೊಡ್ಡ ಲಾಭವಾಯಿತು. ಪುಣೆಯಿಂದ ಮಿರಜು, ಬೆಳಗಾವಿ, ಧಾರವಾಡ, ಹುಬ್ಬಳ್ಳಿ ಹಾದು ಬೆಂಗಳೂರಿನ ಕಡೆ ಹೋಗುವ ರೈಲು ಮಾರ್ಗ ಆಗಲೇ ಬಂದಿತ್ತು. ಅದೇ ಮಾರ್ಗದಲ್ಲಿ ತಂಬೂರಿ ಹಿಡಿದುಕೊಂಡು ಖಾನ್‌ಸಾಹೇಬರು ಓಡಾಡಿದರು. ಹುಬ್ಬಳ್ಳಿ ಧಾರವಾಡಗಳಲ್ಲಿ ಹಾಡಿದರು. ಹುಬ್ಬಳ್ಳಿ ದಾಟಿದ ಮೇಲೆ ಸಿಗುವ ಕುಂದಗೋಳದಲ್ಲಿ ಇಳಿದು, ಸಂಗೀತದ ಮೇಲೆ ಅಪಾರ ಪ್ರೀತಿಯಿದ್ದ ನಾಡಿಗೇರ ಮನೆತನದ ವಾಡೆಯಲ್ಲಿ ಉಳಿದರು. ಕುಂದಗೋಳ ಆಗ ಜಮಖಂಡಿ ಸಂಸ್ಥಾನಕ್ಕೆ ಸೇರಿದ ಸಣ್ಣ ಊರು. ಸಾಮಾನ್ಯ ಜನ ಕೇಳುತ್ತಿದ್ದದ್ದು ಭಜನೆ, ಬಯಲಾಟ, ದೊಡ್ಡಾಟ, ಲಾವಣಿ, ಕಂಪನಿ ನಾಟಕದ ಪದಗಳು. ಎಲ್ಲವೂ ಎತ್ತರದ ದನಿಯವು, ಗುಂಪಿನ ಗದ್ದಲವನ್ನು ಗೆದ್ದು ನಿಲ್ಲಬೇಕಾದವು.

ಖಾನ್‌ಸಾಹೇಬರದು ಅದಕ್ಕೆ ತೀರ ವಿರುದ್ಧವಾದ ಕಂಠ. ಸಣ್ಣದು, ಎಳೆಯದು, ಮೇಲಿನ ಸ್ವರಗಳಲ್ಲಿ ಸಂಚರಿಸುವಂಥದು. ಗರ್ಜನೆ ಇಲ್ಲ, ಅಬ್ಬರ ಇಲ್ಲ. ಧ್ವನಿವರ್ಧಕ ಇನ್ನೂ ಹಳ್ಳಿಗಳಿಗೆ ಬಂದಿರಲಿಲ್ಲ. ಅಂಥ ಮೆಲುದನಿ ಹಿಂದಿನ ಸಾಲಿನವರಿಗೆ ಕೇಳಿಸಬೇಕಾದರೆ ಮುಂದಿನ ಸಾಲಿನವರು ಸುಮ್ಮನಿರಬೇಕು. ಒಬ್ಬರು ಕೆಮ್ಮಿದರೂ ಪಕ್ಕದವರಿಗೆ ನಷ್ಟ. ಹೀಗಾಗಿ ಅವರ ಬೈಠಕ್ಕಿನಲ್ಲಿ ಪ್ರತಿಯೊಬ್ಬ ಕೇಳುಗನೂ ಇನ್ನೊಬ್ಬನ ಕೇಳ್ಮೆಯನ್ನು ಕಾಯುವ ಹೊಣೆ ಹೊರಬೇಕಾಗುತ್ತಿತ್ತು. ಗದ್ದಲವನ್ನು ಗೆಲ್ಲಲು ದನಿ ಏರಿಸುವುದು ಒಂದು ದಾರಿ. ದನಿ ಇಳಿಸಿ ಗದ್ದಲವೇ ನಾಚಿ ಸುಮ್ಮನಾಗುವಂತೆ ಮಾಡುವುದು ಇನ್ನೊಂದು. ಖಾನ್‌ಸಾಹೇಬರದು ಎರಡನೆಯ ದಾರಿ.

ಅವರು ಹಾಡುವ ಮೊದಲು ತಂಬೂರಿ ಶ್ರುತಿ ಮಾಡಲು ತೆಗೆದುಕೊಳ್ಳುತ್ತಿದ್ದ ಶ್ರಮ ಸಂಗೀತ ವಲಯದಲ್ಲಿ ಪ್ರಸಿದ್ಧ. ಇದರ ಗುಟ್ಟನ್ನು ನಮ್ಮ ವಿದ್ಯಾರ್ಥಿಗಳು ತಿಳಿದುಕೊಳ್ಳಬೇಕು. ತಂಬೂರಿಯ ಕುದುರೆಯ ಮೇಲ್ಭಾಗ ಚಪ್ಪಟೆಯಲ್ಲ, ಸ್ವಲ್ಪ ಬಾಗಿರುತ್ತದೆ. ತಂತಿಗೂ ಕುದುರೆಗೂ ನಡುವೆ ಒಂದು ನೂಲಿನ ಎಳೆ ಇಡುತ್ತಾರೆ. ಇದಕ್ಕೆ ಜೀವಾಳ ಎನ್ನುತ್ತಾರೆ. ಎಳೆಯನ್ನು ಸರಿಯಾದ ಜಾಗಕ್ಕೆ ಸರಿಸಿದಾಗ ತಂತಿ ಕುದುರೆಯನ್ನು ಸವರುತ್ತಾ ಕಂಪಿಸುತ್ತದೆ. ಆಗ ಮೂಲ ಸ್ವರದೊಂದಿಗೆ ಅದರ ಅನೇಕ ಉಪಸ್ವರಗಳೂ ಹೊಮ್ಮಿ ಕೋಣೆ ತುಂಬಿಕೊಳ್ಳುತ್ತವೆ. ನಾಲ್ಕು ತಂತಿ ಹೊಂದಿಕೊಂಡ ಮೇಲೆ ಕುಳಿತವರ ಕಿವಿಗೆ ಒಂದು ಮನೆ ಸಿಕ್ಕ ಹಾಗೆ. ಷಡ್ಜ ಆ ಮನೆ. ಹಾಡುಗಾರ ಅಲ್ಲಿಂದ ಹೊರಟು ಒಂದೊಂದೇ ಸ್ವರಕ್ಕೆ ಹೋದಂತೆ ಕೇಳುವವರ ಮನಸ್ಸಿನಲ್ಲಿ ಒಂದು ಸಣ್ಣ ತವಕ ಹುಟ್ಟುತ್ತದೆ. ಮರಳಿ ಮನೆಗೆ ಬಂದಾಗ ಅದು ತಣಿಯುತ್ತದೆ. ಶಾಸ್ತ್ರ ಓದದವರಿಗೂ ಇದು ಆಗುತ್ತದೆ, ಎಲ್ಲರಿಗೂ ಒಟ್ಟಿಗೇ ಆಗುತ್ತದೆ.

ತಾಳದಲ್ಲೂ ಹಾಗೆಯೇ. ವಿಲಂಬಿತ ಲಯದಲ್ಲಿ ತಬಲಾದ ಆವರ್ತನ ನಿಧಾನವಾಗಿ ಸುತ್ತುತ್ತದೆ. ಮೊದಲನೆಯ ಮಾತ್ರೆಗೆ ಸಮ್ ಎಂದು ಹೆಸರು. ಹಾಡುಗಾರ ಎಲ್ಲೆಲ್ಲೋ ಸುತ್ತಾಡಿ ಸರಿಯಾಗಿ ಆ ಸಮ್‌ಗೆ ಬಂದು ಮುಟ್ಟಿದಾಗ ನೂರು ತಲೆಗಳು ಒಮ್ಮೆಲೇ ತೂಗುತ್ತವೆ. ಯಾರೂ ಹೇಳಿಕೊಟ್ಟದ್ದಲ್ಲ. ಒಟ್ಟಾಗಿ ಕಾದಿದ್ದರಿಂದ ಒಟ್ಟಾಗಿ ತೂಗಿದ್ದು. ನಮ್ಮ ಊರ ಭಜನೆಯಲ್ಲಿ ತಾಳ ಹಾಕುವವರಿಗೆ ಈ ಅನುಭವ ಹೊಸದಲ್ಲ. ರಾಗವನ್ನು ಸ್ವರಸ್ವರವಾಗಿ, ಅವಸರವಿಲ್ಲದೆ ಬೆಳೆಸುವ ಕ್ರಮವನ್ನು ಖಾನ್‌ಸಾಹೇಬರು ತಮ್ಮದಾಗಿಸಿಕೊಂಡರು. ಅವರ ಗಾಯನದ ಸ್ಥಾಯಿ ಕರುಣೆ. ವಿದ್ವತ್ತನ್ನು ತೋರಿಸಿ ಬೆರಗುಗೊಳಿಸುವುದಕ್ಕಿಂತ ಎದೆ ತೋಯಿಸುವುದು ಅವರಿಗೆ ಮುಖ್ಯವಾಗಿತ್ತು.

ಕುಂದಗೋಳದಲ್ಲಿ ಅವರಿಗೆ ಸಿಕ್ಕ ಶಿಷ್ಯನೇ ರಾಮಚಂದ್ರ ಗಣೇಶ ಕುಂದಗೋಳಕರ. 1886ರಲ್ಲಿ ಹುಟ್ಟಿದ ಈ ಬಾಲಕ ಗುರುಗಳ ಜೊತೆ ಊರೂರು ತಿರುಗುತ್ತಾ ಸುಮಾರು ಎಂಟು ವರ್ಷ ಕಲಿತ. ಶಿಷ್ಯವೃತ್ತಿ ಎಂದರೆ ಬರೀ ಪಾಠವಲ್ಲ. ಮನೆಗೆಲಸ, ಪ್ರವಾಸದ ಸಾಮಾನು ಹೊರುವುದು, ತಂಬೂರಿ ಮೀಟುವುದು ಎಲ್ಲವೂ ಸೇರಿತ್ತು. ಮುಂದೆ ಆ ಹುಡುಗ ನಾಟಕ ಕಂಪನಿ ಸೇರಿ ಸ್ತ್ರೀಪಾತ್ರಗಳಿಂದ ಮಹಾರಾಷ್ಟ್ರವನ್ನೆಲ್ಲ ಮರುಳು ಮಾಡಿ ಸವಾಯಿ ಗಂಧರ್ವ ಎಂಬ ಬಿರುದು ಪಡೆದ. ಶಿಷ್ಯ ರಂಗಭೂಮಿಗೆ ಹೋದದ್ದು ಗುರುಗಳಿಗೆ ಹಿಡಿಸಲಿಲ್ಲ ಎಂದು ಹೇಳುತ್ತಾರೆ. ಆದರೂ ಅವರ ಗಾಯನ ನಮ್ಮ ನೆಲದಲ್ಲಿ ಬೇರೂರಿದ್ದು ಈ ಶಿಷ್ಯನಿಂದಲೇ.

1913ರಲ್ಲಿ ಖಾನ್‌ಸಾಹೇಬರು ಪುಣೆಯಲ್ಲಿ ಆರ್ಯ ಸಂಗೀತ ವಿದ್ಯಾಲಯ ಸ್ಥಾಪಿಸಿದರು. ಹೊರಗಿನವರಿಗೆ ವಿದ್ಯೆ ಬಿಟ್ಟುಕೊಡಲು ಅನೇಕ ಉಸ್ತಾದರು ಹಿಂಜರಿಯುತ್ತಿದ್ದ ಕಾಲ ಅದು. ಇವರು ಬಡ ಮಕ್ಕಳನ್ನು ಮನೆಯಲ್ಲೇ ಇಟ್ಟುಕೊಂಡು ಊಟ ಹಾಕಿ ಕಲಿಸಿದರು. ಆ ಖರ್ಚನ್ನು ತೂಗಿಸಲು ಮಕ್ಕಳನ್ನು ಕಟ್ಟಿಕೊಂಡು ಊರೂರುಗಳಲ್ಲಿ ಸಾರ್ವಜನಿಕ ಕಛೇರಿ ನಡೆಸಿದರು. ದರ್ಬಾರಿನಲ್ಲಿ ಕೆಲವೇ ಜನರ ಸೊತ್ತಾಗಿದ್ದ ಸಂಗೀತ, ನಾಲ್ಕಾಣೆ ಎಂಟಾಣೆ ಕೂಡಿಸಿಟ್ಟವನ ಕಿವಿಗೂ ಹೀಗೆ ಬಿತ್ತು. ಮನೆಯಲ್ಲಿ ಟಿಪ್ಪು ಎಂಬ ನಾಯಿಯಿತ್ತು, ಅದು ಶ್ರುತಿಗೆ ಸರಿಯಾಗಿ ದನಿ ಹೊರಡಿಸುವಂತೆ ಪಳಗಿಸಿದ್ದರು ಎಂಬ ಕಥೆಯನ್ನು ಹಳಬರು ನಗುತ್ತಾ ಹೇಳುತ್ತಿದ್ದರು.

ಅವರ ಕಿವಿಯ ಸೂಕ್ಷ್ಮತೆ ಪಂಡಿತರಿಗೂ ಬೇಕಾಯಿತು. ಒಂದು ಸಪ್ತಕದಲ್ಲಿ 22 ಶ್ರುತಿಗಳಿವೆ ಎಂಬ ಪ್ರಾಚೀನ ಮಾತನ್ನು ಲೆಕ್ಕ ಹಾಕಿ ನೋಡಲು ಹೊರಟಿದ್ದ ಕೃಷ್ಣಾಜಿ ಬಲ್ಲಾಳ ದೇವಲ ಮತ್ತು ಇಂಗ್ಲಿಷ್ ಅಧಿಕಾರಿ ಕ್ಲೆಮೆಂಟ್ಸ್ ಅವರ ಪ್ರಯೋಗಗಳಿಗೆ ಖಾನ್‌ಸಾಹೇಬರು ತಮ್ಮ ಕಂಠದಿಂದ ನೆರವಾದರು. ಮೈಸೂರಿಗೆ ಹೋಗಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿ ಹಾಡಿ ಗೌರವ ಪಡೆದರು. ದಕ್ಷಿಣದ ಸಂಗೀತವನ್ನು ಅಲ್ಲಿ ಮನಸ್ಸಿಟ್ಟು ಕೇಳಿದರು. ಉತ್ತರದ ಉಸ್ತಾದರೊಬ್ಬರು ತ್ಯಾಗರಾಜರ ಖರಹರಪ್ರಿಯ ಕೃತಿಯನ್ನು ಕಲಿತು ರೆಕಾರ್ಡಿನಲ್ಲಿ ಹಾಡಿದ್ದು ಆ ಕಾಲದಲ್ಲಿ ಅಪರೂಪದ ಸಂಗತಿ. ಸ್ವರಗಳನ್ನು ಹೆಸರಿಟ್ಟು ಹಾಡುವ ಸರಗಮ್ ಅವರ ಗಾಯನದಲ್ಲಿ ಮುಖ್ಯವಾಗಲು ನಮ್ಮ ಕರ್ನಾಟಕ ಸಂಗೀತದ ಸಹವಾಸವೇ ಕಾರಣವೆಂದು ತಿಳಿದವರು ಹೇಳುತ್ತಾರೆ.

ಧಾರವಾಡಕ್ಕೆ ಬಂದಾಗ ಅವರು ಅಂಬಾಬಾಯಿ ಎಂಬ ಕರ್ನಾಟಕ ಸಂಗೀತದ ಗಾಯಕಿಯ ಮನೆಗೆ ಹೋಗಿ ಅವರ ಹಾಡು ಕೇಳುತ್ತಿದ್ದರು. ದೇಶ ಸುತ್ತಿ ಹೆಸರು ಮಾಡಿದ ಉಸ್ತಾದರು ಒಬ್ಬ ಹೆಣ್ಣುಮಗಳ ಎದುರು ಶ್ರೋತೃವಾಗಿ ಕುಳಿತದ್ದನ್ನು ಮನೆಯ ಪುಟ್ಟ ಹುಡುಗಿಯೊಬ್ಬಳು ನೋಡುತ್ತಿದ್ದಳು. ಆ ಹುಡುಗಿಯೇ ಗಂಗೂಬಾಯಿ ಹಾನಗಲ್. ಮುಂದೆ ಮಗಳು ಹಿಂದೂಸ್ತಾನಿ ಸಂಗೀತ ಕಲಿಯತೊಡಗಿದಾಗ, ಅವಳ ಕಂಠದಲ್ಲಿ ಎರಡು ಪದ್ಧತಿ ಕಲಬೆರಕೆಯಾಗಬಾರದೆಂದು ತಾಯಿ ತನ್ನ ಹಾಡನ್ನೇ ನಿಲ್ಲಿಸಿಬಿಟ್ಟರು. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಓಡಾಡಿ ಗಂಗೂಬಾಯಿಯವರು ಸವಾಯಿ ಗಂಧರ್ವರಲ್ಲಿ ಕಲಿತದ್ದು ನಮ್ಮ ಭಾಗದವರಿಗೆಲ್ಲ ತಿಳಿದ ವಿಷಯ.

ಸಾವಿರ ಜನರನ್ನು ಒಂದುಗೂಡಿಸಿದ ಖಾನ್‌ಸಾಹೇಬರಿಗೆ ತಮ್ಮ ಮನೆಯನ್ನು ಒಂದಾಗಿ ಉಳಿಸಿಕೊಳ್ಳಲು ಆಗಲಿಲ್ಲ. ಇದನ್ನು ಬರೆಯುವಾಗ ಮನಸ್ಸು ಭಾರವಾಗುತ್ತದೆ, ಆದರೆ ಬಿಟ್ಟರೆ ಚರಿತ್ರೆ ಪೂರ್ತಿಯಾಗುವುದಿಲ್ಲ. 1922ರಲ್ಲಿ ತಾರಾಬಾಯಿಯವರು ಐವರು ಮಕ್ಕಳನ್ನು ಕರೆದುಕೊಂಡು ಅವರಿಂದ ದೂರವಾದರು. ಮಕ್ಕಳ ಹೆಸರುಗಳೂ ಬದಲಾದವು. ಅಬ್ದುಲ್ ರೆಹಮಾನ್ ಸುರೇಶಬಾಬು ಮಾನೆಯಾದರು, ಚಂಪಾಕಲಿ ಹೀರಾಬಾಯಿ ಬಡೋದೇಕರ್ ಆದರು, ಸಕೀನಾ ಸರಸ್ವತಿ ರಾಣೆ ಎಂದು ಹೆಸರಾದರು. ತಂದೆಯ ಹೆಸರು ಮನೆಯಿಂದ ಹೋಯಿತು. ಆದರೆ ತಂದೆಯ ನಾದ ಹೋಗಲಿಲ್ಲ. ಹೀರಾಬಾಯಿಯವರು ಕಿರಾನಾ ಘರಾಣೆಯ ದೊಡ್ಡ ಗಾಯಕಿಯಾದರು. ಸಭ್ಯ ಮನೆಯ ಹೆಣ್ಣು ವೇದಿಕೆಯಲ್ಲಿ ಕುಳಿತು ಹಾಡುವುದು ತಪ್ಪೆಂದು ಭಾವಿಸುತ್ತಿದ್ದ ಕಾಲದಲ್ಲಿ ಟಿಕೆಟ್ ಕಛೇರಿ ನಡೆಸಿದ ಮೊದಲಿಗರಲ್ಲಿ ಅವರೊಬ್ಬರು. ಅವರ ಮೃದುವಾದ ಸ್ವರದಲ್ಲಿ ತಂದೆಯ ಛಾಯೆಯನ್ನು ಕೇಳುಗರು ಗುರುತಿಸುತ್ತಿದ್ದರು.

ಖಾನ್‌ಸಾಹೇಬರು ಮತ್ತೆ ಮಿರಜು, ಮತ್ತೆ ಪ್ರವಾಸ ಎಂದು ದಿನ ಕಳೆದರು. ಸಂಬಂಧಿಕರ ಮಗಳಾದ ರೋಶನಾರಾ ಬೇಗಂ ಅವರಿಗೆ ವಿದ್ಯೆ ಧಾರೆಯೆರೆದರು. ಆಕೆ ದೇಶ ವಿಭಜನೆಯ ನಂತರ ಪಾಕಿಸ್ತಾನಕ್ಕೆ ಹೋಗಿ ಅಲ್ಲಿ ಇದೇ ಗಾಯನವನ್ನು ಬೆಳಗಿಸಿದರು.

1905ರಲ್ಲೇ ಗ್ರಾಮಫೋನ್ ಕಂಪನಿಗೆ ಹಾಡಿದ್ದ ಅವರು ಜೀವನದ ಕೊನೆಯ ವರ್ಷಗಳಲ್ಲಿ ಓಡಿಯನ್ ಕಂಪನಿಗೆ ಹಾಡಿದ ರೆಕಾರ್ಡುಗಳು ಊರೂರು ತಲುಪಿದವು. ಗಂಟೆಗಟ್ಟಲೆ ಬೆಳೆಸುವ ರಾಗವನ್ನು ಸುಮಾರು ಮೂರು ನಿಮಿಷದಲ್ಲಿ ಹಿಡಿದಿಡಬೇಕು. ಆದರೂ ಅವರ ಝಿಂಝೋಟಿ, ಭೈರವಿ, ಬಸಂತ ಕೇಳಿದವರು ಮರೆಯಲಿಲ್ಲ. ಯಮುನಾ ತೀರದ ಚಿತ್ರ ಕಟ್ಟುವ ಅವರ ಭೈರವಿ ದೇವಸ್ಥಾನದ ಕಟ್ಟೆಯಲ್ಲೂ ದರ್ಗಾದ ಅಂಗಳದಲ್ಲೂ ಒಂದೇ ರೀತಿ ಕೇಳಿಸಿತು. ಗ್ರಾಮಫೋನು ಎಲ್ಲರ ಮನೆಯಲ್ಲಿರಲಿಲ್ಲ. ಚಹದಂಗಡಿಯ ಮುಂದೆ, ಸಾಹುಕಾರರ ಪಡಸಾಲೆಯ ಹೊರಗೆ ಜನ ನಿಂತು ಕೇಳುತ್ತಿದ್ದರು. ಗದಗಿನ ಬಾಲಕನೊಬ್ಬ ಹಾಗೆ ಅಂಗಡಿಯ ಮುಂದೆ ನಿಂತು ಅವರ ಝಿಂಝೋಟಿ ಕೇಳಿ ಹುಚ್ಚು ಹಿಡಿದವನಂತಾಗಿ, ಅಂಥ ಸಂಗೀತವನ್ನೇ ಕಲಿಯಬೇಕೆಂದು 11ನೆಯ ವಯಸ್ಸಿನಲ್ಲಿ ಮನೆ ಬಿಟ್ಟು ಓಡಿದ. ಉತ್ತರ ಭಾರತವನ್ನೆಲ್ಲ ಸುತ್ತಿ ಕೊನೆಗೆ ಗುರು ಸಿಕ್ಕಿದ್ದು ಮನೆಯ ಪಕ್ಕದ ಕುಂದಗೋಳದಲ್ಲಿ. ಆ ಬಾಲಕ ಭೀಮಸೇನ ಜೋಶಿ. ಮುಂದೆ ಭಾರತರತ್ನರಾದವರು.

1937ರಲ್ಲಿ ಖಾನ್‌ಸಾಹೇಬರು ದಕ್ಷಿಣದ ಪ್ರವಾಸದಲ್ಲಿದ್ದರು. ಮದರಾಸಿನಲ್ಲಿ ಹಾಡಿ ಪಾಂಡಿಚೇರಿಯ ಕಡೆ ರೈಲಿನಲ್ಲಿ ಹೊರಟಿದ್ದರು. ದಾರಿಯಲ್ಲಿ ಎದೆನೋವು ಕಾಣಿಸಿಕೊಂಡಿತು. ಶಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ನಿಲ್ದಾಣದಲ್ಲಿ ಶಿಷ್ಯರು ಅವರನ್ನು ಇಳಿಸಿಕೊಂಡರು. ಪ್ಲಾಟ್‌ಫಾರ್ಮಿನ ಮೇಲೆ ಹಾಸಿಗೆ ಹಾಸಿದರು. ಕೊನೆ ಹತ್ತಿರವಾಯಿತೆಂದು ತಿಳಿದ ಅವರು ಎದ್ದು ಕುಳಿತು ನಮಾಜು ಮಾಡಿದರು. ಶ್ರುತಿ ಹಿಡಿದು ದರ್ಬಾರಿ ಕಾನಡಾ ರಾಗದಲ್ಲಿ ದೇವರನ್ನು ಸ್ಮರಿಸಿ ಹಾಡಿದರು. ಹಾಡುತ್ತಾ ಹಾಡುತ್ತಾ ಮಲಗಿದವರು ಮತ್ತೆ ಏಳಲಿಲ್ಲ. ಅಂದು ಅಕ್ಟೋಬರ್ 27. ಕಾನಡಾ ಎಂಬ ಹೆಸರಿಗೆ ಕರ್ಣಾಟ ಎಂಬ ಶಬ್ದದ ನಂಟಿದೆ ಎಂದು ಸಂಗೀತ ಬಲ್ಲವರು ಹೇಳುತ್ತಾರೆ. ಕೈರಾನಾದಲ್ಲಿ ಹುಟ್ಟಿದವರು ತಮಿಳು ನೆಲದಲ್ಲಿ, ನಮ್ಮ ನಾಡಿನ ಹೆಸರು ಹೊತ್ತ ರಾಗವನ್ನು ಹಾಡುತ್ತಾ ಕಣ್ಣು ಮುಚ್ಚಿದರು. ದೇಹವನ್ನು ಮಿರಜಿಗೆ ತಂದು ಅವರು ನಂಬಿದ ದರ್ಗಾದ ಆವರಣದಲ್ಲೇ ಮಣ್ಣು ಮಾಡಿದರು. ಅವರ ಪುಣ್ಯಸ್ಮರಣೆಗೆ ಅಲ್ಲಿ ಸಂಗೀತೋತ್ಸವ ನಡೆಯುತ್ತಾ ಬಂದಿದೆ. ದೊಡ್ಡ ದೊಡ್ಡ ಕಲಾವಿದರು ಅಲ್ಲಿ ಬಂದು ಹಾಡುವುದನ್ನು ಸೇವೆಯೆಂದೇ ತಿಳಿಯುತ್ತಾರೆ.

ಸವಾಯಿ ಗಂಧರ್ವರು 1952ರಲ್ಲಿ ತೀರಿಕೊಂಡ ಮೇಲೆ ಭೀಮಸೇನ ಜೋಶಿಯವರು ಮರುವರ್ಷ ಪುಣೆಯಲ್ಲಿ ಗುರುವಿನ ಹೆಸರಿನಲ್ಲಿ ಉತ್ಸವ ಆರಂಭಿಸಿದರು. ಅದು ಬೆಳೆದು ಸಾವಿರಾರು ಜನ ಕುಳಿತು ಕೇಳುವ ಸಮಾರೋಹವಾಯಿತು. ಕುಂದಗೋಳದ ನಾಡಿಗೇರ ವಾಡೆಯಲ್ಲೂ ಅಹೋರಾತ್ರಿ ಸಂಗೀತ ನಡೆಯುತ್ತಾ ಬಂದಿದೆ. ಅಲ್ಲಿಗೆ ಹೋದವರು ನೋಡಿರಬಹುದು. ಹೊಲದಿಂದ ಬಂದವರು, ಕೈಕಾಲು ತೊಳೆದು ಟವೆಲ್ ಹೆಗಲಿಗೆ ಹಾಕಿ ಕುಳಿತವರು, ರಾಗದ ಹೆಸರು ಹೇಳಲಾರದವರು ಕೂಡ ಬೆಳಗಿನ ಜಾವದವರೆಗೆ ಕದಲದೆ ಕೇಳುತ್ತಾರೆ. ಸ್ವರ ಎಲ್ಲಿ ತಪ್ಪಿತು ಎಂಬುದು ಅವರಿಗೆ ಗೊತ್ತಾಗುತ್ತದೆ. ಈ ಕಿವಿ ಒಂದು ದಿನದಲ್ಲಿ ಬಂದದ್ದಲ್ಲ. ಒಂದು ಮೆಲುದನಿ ನೂರು ವರ್ಷಗಳ ಹಿಂದೆ ನಮ್ಮ ಹಿರಿಯರನ್ನು ಸುಮ್ಮನೆ ಕೂರಿಸಿತ್ತು. ಅವರು ಮಕ್ಕಳನ್ನು ಕೂರಿಸಿದರು.

ಈಗ ನಮ್ಮ ಜಾತ್ರೆ, ಮದುವೆ, ಮೆರವಣಿಗೆಗಳಲ್ಲಿ ಪೆಟ್ಟಿಗೆಗಳು ಮನುಷ್ಯನಷ್ಟು ಎತ್ತರ ಬೆಳೆದಿವೆ. ಎದೆ ನಡುಗುತ್ತದೆ, ಕುಣಿಯುವವರು ಕುಣಿಯುತ್ತಾರೆ. ಅದೂ ಒಂದು ಸಂತೋಷವೇ, ನಾನು ಬೇಡವೆನ್ನುವುದಿಲ್ಲ. ಆದರೆ ಅಲ್ಲಿ ಪಕ್ಕದವನ ಮಾತು ಕೇಳಿಸುವುದಿಲ್ಲ, ಪಕ್ಕದವನು ಸುಮ್ಮನಿರಬೇಕಾದ ಅಗತ್ಯವೂ ಇಲ್ಲ. ಇನ್ನೊಬ್ಬನಿಗೆ ಕೇಳಿಸಲಿ ಎಂದು ನಾನು ನನ್ನ ದನಿ ತಗ್ಗಿಸುವ ಅಭ್ಯಾಸ ಊರಿನಿಂದ ಹೋದರೆ, ಅದು ಸಂಗೀತಕ್ಕಷ್ಟೇ ಆದ ನಷ್ಟವಲ್ಲ. ಪಂಚಾಯಿತಿ ಸಭೆಗೂ, ತರಗತಿಗೂ, ಮನೆಯ ಊಟದ ಸಾಲಿಗೂ ಅದೇ ಅಭ್ಯಾಸ ಬೇಕು.

ಅದಕ್ಕೇ ನಮ್ಮ ಶಾಲೆಯ ಶಿಕ್ಷಕ ಬಂಧುಗಳಲ್ಲಿ, ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ಸುವರ್ಣ ಮಹೋತ್ಸವದ ನೆನಪಿಗೆ ಕೊಡುಗೆಗಳು ಬರುತ್ತಿವೆ, ಸಂತೋಷ. ಅವುಗಳ ಜೊತೆಗೆ ಶಾಲೆಗೆ ಒಂದು ಒಳ್ಳೆಯ ತಂಬೂರಿ ಬರಲಿ. ವಾರಕ್ಕೊಂದು ದಿನವಾದರೂ ಮೈಕಿಲ್ಲದೆ, ತಂಬೂರಿಯ ಶ್ರುತಿಗೆ ಮಕ್ಕಳು ಪ್ರಾರ್ಥನೆ ಹೇಳಲಿ. ಮೊದಲ ಕೆಲವು ದಿನ ಹಿಂದಿನ ಸಾಲಿಗೆ ಸರಿಯಾಗಿ ಕೇಳಿಸಲಿಕ್ಕಿಲ್ಲ. ಮುಂದಿನ ಸಾಲಿನವರು ಸುಮ್ಮನಾಗುವುದನ್ನು ಕಲಿತ ದಿನ ಕೇಳಿಸುತ್ತದೆ.

ಮಹೋತ್ಸವದ ದಿನ ಮೊದಲ ವರ್ಷದ ವಿದ್ಯಾರ್ಥಿಗಳಿಂದ ಹಿಡಿದು ಈ ವರ್ಷದ ಮಕ್ಕಳವರೆಗೆ ಎಲ್ಲರೂ ಅದೇ ಅಂಗಳದಲ್ಲಿ ನಿಲ್ಲಲಿದ್ದೇವೆ. ಕೆಲವರ ದನಿ ಒಡೆದಿದೆ, ಕೆಲವರ ಉಸಿರು ಸಾಲದು, ಕೆಲವರು ನಮ್ಮ ನಡುವೆ ಇಲ್ಲ. ಆದರೂ ಪ್ರಾರ್ಥನೆ ಆರಂಭವಾದಾಗ ಎಲ್ಲರ ಕಿವಿಯೂ ಒಂದೇ ಷಡ್ಜವನ್ನು ಹುಡುಕುತ್ತದೆ. ಅದು ಸಿಕ್ಕ ಕ್ಷಣದಲ್ಲಿ ಮಿರಜಿನ ಆ ದರ್ಗಾದ ಅಂಗಳದಲ್ಲಿ ಮಲಗಿರುವ ಖಾನ್‌ಸಾಹೇಬರನ್ನು ಒಮ್ಮೆ ನೆನೆಯೋಣ.